ಹಾರಿ ಬಂದ ಶೀಟು ಯಾರದು?

ಗಾಳಿ ಬೀಸುವ ತನಕ ನಮ್ಮ ಬೀದಿಯಲ್ಲಿ ಪ್ರತಿಯೊಂದಕ್ಕೂ ಒಬ್ಬ ಯಜಮಾನ ಇರುತ್ತಾನೆ. ಕಾಂಪೌಂಡ್ ಪಕ್ಕದ ಅರ್ಧ ಅಡಿ ಜಾಗಕ್ಕೆ ಇರುತ್ತಾನೆ, ಗೇಟಿನ ಮುಂದಿನ ಸರ್ಕಾರಿ ರಸ್ತೆಗೂ ಇರುತ್ತಾನೆ. ಅಲ್ಲಿ ಬೇರೆಯವರು ಸ್ಕೂಟರ್ ನಿಲ್ಲಿಸಿದರೆ ಕಿಟಕಿಯಲ್ಲಿ ಒಂದು ಮುಖ ಮೂಡುತ್ತದೆ. ಗಾಳಿ ಬೀಸಿ ನಿಂತ ಮೇಲೆ ಬಂದು ನೋಡಿ. ಬಿದ್ದದ್ದು, ಮುರಿದದ್ದು, ಹಾರಿದ್ದು ಯಾವುದೂ ಯಾರದೂ ಅಲ್ಲ.

ನಮ್ಮ ತೆಂಗಿನ ಮರವನ್ನೇ ತಗೊಳ್ಳಿ. ಬುಡ ನಮ್ಮ ಸೈಟಿನಲ್ಲಿದೆ, ತಲೆ ಪಕ್ಕದ ಮನೆಯವರ ಅಂಗಳದ ಮೇಲಿದೆ. ಬಿಸಿಲು ಹುಡುಕಿಕೊಂಡು ಹೋಗಿ ಹಾಗೆ ವಾಲಿದೆ. ರಾತ್ರಿ ಹೊತ್ತು ಧಡ್ ಅಂತ ಕಾಯಿ ಬಿದ್ದ ಸದ್ದು ನಮಗೆ ಕೇಳಿಸುತ್ತದೆ. ಬೆಳಗ್ಗೆ ಕಾಯಿ ಮಾತ್ರ ಕಾಣಿಸುವುದಿಲ್ಲ. ಒಮ್ಮೆ ನಮ್ಮನೆಯವರು ಕೇಳಿಯೇ ಬಿಟ್ಟರು. “ನಮ್ಮ ಕಡೆ ಬಿದ್ದಿದ್ದು ನಮ್ಮದೇ ಅಲ್ವಾ?” ಅಂತ ಉತ್ತರ ಬಂತು. ಸರಿ, ಅಕ್ಕಪಕ್ಕದವರು, ಒಂದು ಕಾಯಿಗೆ ಯಾಕೆ ಮನಸ್ತಾಪ ಅಂತ ಸುಮ್ಮನಾದೆವು. ಆಮೇಲೊಂದು ದಿನ ಅದೇ ಮರದ ಒಣಗಿದ ಗರಿಯೊಂದು ಗಾಳಿಗೆ ಕಳಚಿ, ಅದೇ ಕಡೆ, ಅವರ ಕಾರಿನ ಗಾಜಿನ ಮೇಲೆ ಬಿತ್ತು. ತೆಂಗಿನ ಗರಿ ಅಂದರೆ ಹಗುರ ಅಂದುಕೊಳ್ಳಬೇಡಿ. ಎರಡಾಳು ಉದ್ದ, ಬುಡದ ಮಟ್ಟೆಯೇ ಒಂದು ದೊಣ್ಣೆ. ಗಾಜು ಬಿರುಕು ಬಿಟ್ಟಿತು. ನಮ್ಮ ಮನೆಯ ಬೆಲ್ ಹೊಡೆದುಕೊಂಡಿತು.

“ನಿಮ್ಮ ಮರ ಏನು ಮಾಡಿದೆ ಬಂದು ನೋಡಿ.”

ನಮ್ಮ ಕಡೆ ಬಿದ್ದದ್ದು ನಮ್ಮದು ಎಂಬ ನಿಯಮ ಕಾಯಿಗೆ ಮಾತ್ರ, ಗರಿಗೆ ಅನ್ವಯಿಸುವುದಿಲ್ಲ ಅಂತ ಅಂದು ತಿಳಿಯಿತು. ಕಾರಿಗೆ ಇನ್ಶೂರೆನ್ಸ್ ಇಲ್ವಾ ಅಂತ ಮೆಲ್ಲಗೆ ಕೇಳಿದೆ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ಮರ ಬಿದ್ದರೂ ಬೆಟ್ಟ ಬಿದ್ದರೂ ಸ್ವಂತ ಗಾಡಿಗೆ ಒಂದು ಪೈಸೆ ಬರುವುದಿಲ್ಲ. ಇವರದು ಫುಲ್ ಇನ್ಶೂರೆನ್ಸ್, ಬಿರುಗಾಳಿ ಹಾನಿಗೂ ದುಡ್ಡು ಬರುತ್ತದೆ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದಂತೆ. ಅದು ಶೇಕಡ 20ರಿಂದ ಶುರುವಾಗಿ, ಕ್ಲೇಮ್ ಇಲ್ಲದೆ ವರ್ಷಗಳು ಕಳೆದಂತೆ 50ರವರೆಗೆ ಏರುವ ರಿಯಾಯಿತಿ. ಇವರು 50ಕ್ಕೆ ಮುಟ್ಟಿದ್ದರು. “ಸುಮ್ನೆ ಬೋನಸ್ ಯಾಕೆ ಕಳ್ಕೊಳ್ಳೋದು ಹೇಳಿ. ನೀವೇ ಹಾಕಿಸಿಕೊಟ್ಟರೆ ಇಬ್ಬರಿಗೂ ಒಳ್ಳೇದು” ಅಂದರು. ಎರಡನೆಯವನಿಗೆ ಏನು ಒಳ್ಳೆಯದು ಅಂತ ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ.

ಮರ ಕಡಿಸಿಬಿಡೋಣ ಅಂದರೆ ಕಾನೂನು ಅಡ್ಡ ಬರುವುದಿಲ್ಲ. ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ಸಿಲ್ವರ್ ಓಕ್, ನೀಲಗಿರಿ ಇಂಥ ಕೆಲವಕ್ಕೆ ವಿನಾಯಿತಿ ಇದೆ. ಅಡ್ಡ ಬರುವುದು ನಮ್ಮಮ್ಮ. “ಕಲ್ಪವೃಕ್ಷಕ್ಕೆ ಕೊಡಲಿ ಹಾಕ್ತೀಯೇನೋ?” ಅನ್ನುತ್ತಾರೆ. ಕಲ್ಪವೃಕ್ಷದ ಕಾಯಿ ತಿನ್ನುವವರು ಆ ಮಾತಿಗೆ ಕಾಂಪೌಂಡಿನ ಆಚೆಯಿಂದ ತಲೆ ಆಡಿಸುತ್ತಾರೆ.

ಇದೆಲ್ಲ ಟ್ರೇಲರ್. ಪಿಕ್ಚರ್ ಈ ವರ್ಷ ಭರಣಿ ಮಳೆಯಲ್ಲಿ ಬಂತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ರೈತರ ಮಾತು, ನಿಜವೇ ಇರಬೇಕು. ಮೈಸೂರಿನ ಬಡಾವಣೆಗಳಲ್ಲಿ ಮಾತ್ರ ಭರಣಿ ಮಳೆ ಬಂದರೆ ಧರಣಿ ಮೇಲೆಲ್ಲ ಟ್ಯಾಂಕಿನ ಮುಚ್ಚಳ. ಮಧ್ಯಾಹ್ನ ಕಾದ ಕಾವಲಿಯಂಥ ಬಿಸಿಲು. ನಾಲ್ಕು ಗಂಟೆಗೆ ಮೋಡ ಕಪ್ಪಿಟ್ಟಿತು. ಹವಾಮಾನ ಇಲಾಖೆಯವರು ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಗಾಳಿ ಅಂತ ಬೆಳಗ್ಗೆಯೇ ಹೇಳಿದ್ದರು. ಏಪ್ರಿಲ್ ಮೇನಲ್ಲಿ ಅವರು ಅದನ್ನು ಹೇಳುತ್ತಲೇ ಇರುತ್ತಾರೆ, ನಾವು ಬಟ್ಟೆ ಒಣಗಿಸುತ್ತಲೇ ಇರುತ್ತೇವೆ. ಬಟ್ಟೆ ತರೋಕೆ ನಮ್ಮನೆಯವರು ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲೆ ದೊಡ್ಡದೊಂದು ತಗಡಿನ ಡಬ್ಬ ಉರುಳಿದ ಹಾಗೆ ಸದ್ದಾಯಿತು. ಹಿಂದೆಯೇ ಗಾಜು ಒಡೆದ ಸದ್ದು. ಕರೆಂಟ್ ಹೋಯಿತು. ಅದು ಹೋಗದಿದ್ದರೆ ಮಳೆ ಬಂದಿದೆ ಅಂತ ನಾವು ನಂಬುವುದೂ ಇಲ್ಲ.

ಮಳೆ ನಿಂತ ಮೇಲೆ ಹೋಗಿ ನೋಡಿದರೆ ನಮ್ಮ ಸೋಲಾರ್ ಹೀಟರಿನ ಮೇಲೆ ಒಂದು ಶೀಟು ಆರಾಮಾಗಿ ಮಲಗಿತ್ತು. ಹಸಿರು ಬಣ್ಣ, ಒಂದು ಮೂಲೆ ಹೋಳಿಗೆ ಮಡಚಿದ ಹಾಗೆ ಮಡಚಿಕೊಂಡಿತ್ತು. ಬೋಲ್ಟಿನ ತೂತುಗಳಲ್ಲಿ ಕೆಲವು ಹರಿದು ಉದ್ದವಾಗಿದ್ದವು, ಒಂದರಲ್ಲಿ ಕಪ್ಪು ವಾಷರ್ ಇನ್ನೂ ಕಚ್ಚಿಕೊಂಡಿತ್ತು. ಅದರ ಕೆಳಗೆ ಹೀಟರಿನ ಗಾಜಿನ ಟ್ಯೂಬುಗಳು ಪುಡಿಪುಡಿ. ಕಸ ಗುಡಿಸುವಾಗ ಟ್ಯಾಂಕಿನ ಬುಡದಲ್ಲಿ ಎರಡು ಜೆ ಬೋಲ್ಟು, ಅಂದರೆ ಶೀಟು ಬಿಗಿಯುವ ಕೊಕ್ಕೆಯಂಥ ಬೋಲ್ಟು, ಸಿಕ್ಕವು. ಯಾವುದಕ್ಕಾದರೂ ಆಗುತ್ತದೆ ಅಂತ ಹಳೇ ಬಿಸ್ಕತ್ ಡಬ್ಬಕ್ಕೆ ಹಾಕಿಟ್ಟೆ. ಯಾರಿಗೂ ಹೇಳಲಿಲ್ಲ.

ಆಮೇಲೆ ಶುರುವಾಯಿತು ವಾರಸುದಾರರ ಹುಡುಕಾಟ. ಸುತ್ತಮುತ್ತ ಹಸಿರು ಶೀಟಿನ ತಾರಸಿಗಳು ಬೇಕಾದಷ್ಟಿವೆ. ಎಡಗಡೆ ಮನೆಯವರು, “ಗಾಳಿ ಮೂಡಲ ಕಡೆಯಿಂದ ಬಂತು ಸಾರ್, ನಮ್ಮದು ಹಾರಿದ್ದರೆ ಆ ಕಡೆ ಹೋಗಬೇಕಿತ್ತು” ಅಂದರು. ಬಲಗಡೆಯವರ ಪ್ರಕಾರ ಗಾಳಿ ಬಂದದ್ದು ಪಡುವಲಿಂದ. ಹಿಂದಿನ ರಸ್ತೆಯ ಮೇಷ್ಟ್ರು ತೆಂಕಣ ಗಾಳಿ ಅಂತ ಕೈ ಎತ್ತಿ ತೋರಿಸಿದರು. ಪ್ರತಿಯೊಬ್ಬರ ಗಾಳಿಯೂ ಅವರವರ ಮನೆಯಿಂದ ದೂರಕ್ಕೇ ಬೀಸಿತ್ತು, ನಮ್ಮ ಮನೆಯ ಕಡೆಗಂತೂ ಯಾವುದೂ ಬೀಸಿರಲಿಲ್ಲ. ತಮಾಷೆ ಅಂದರೆ ಯಾರೂ ಸುಳ್ಳು ಹೇಳಿರಲಿಕ್ಕಿಲ್ಲ. ಇಂಥ ಗುಡುಗು ಮಳೆಯಲ್ಲಿ ಮೋಡದೊಳಗಿನ ತಣ್ಣನೆಯ ಗಾಳಿ ದಬಕ್ಕನೆ ಕೆಳಗಿಳಿದು, ನೆಲಕ್ಕೆ ಬಡಿದು, ಅಲ್ಲಿಂದ ಸುತ್ತಲೂ ಚದುರುತ್ತದೆ. ಒಂದೊಂದು ಬೀದಿಗೆ ಒಂದೊಂದು ದಿಕ್ಕು. ಸಾಕ್ಷಿ ಹೇಳೋಕೆ ಇದಕ್ಕಿಂತ ಅನುಕೂಲದ ಗಾಳಿ ಇನ್ನೊಂದಿಲ್ಲ.

ಹಿಂದುಗಡೆ ಮನೆಯವರ ತಾರಸಿ ಮೇಲೆ ಮಾತ್ರ ಕಬ್ಬಿಣದ ಅಸ್ಥಿಪಂಜರವೊಂದು ನಿಂತಿತ್ತು. ಮೂರು ಕಡೆ ಹಸಿರು ಶೀಟು, ನಡುವೆ ಒಂದು ಶೀಟಿನ ಅಗಲಕ್ಕೆ ಸರಿಯಾಗಿ ಆಕಾಶ. ಅದನ್ನೇ ನೋಡುತ್ತಾ ಕೇಳಿದೆ.

“ಅದಾ? ಅದು ಮೊದಲಿಂದಲೂ ಹಂಗೇ ಸಾರ್. ಗಾಳಿ ಬೆಳಕು ಬರಲಿ ಅಂತ ಬಿಟ್ಟಿದ್ದೀವಿ.”

ಗಾಳಿ ಬಂದಿತ್ತು, ಅದರಲ್ಲಿ ಅನುಮಾನವಿಲ್ಲ. ಉಳಿದ ಶೀಟುಗಳ ಮೇಲೆ ಸಾಲಾಗಿ ಸೈಜುಗಲ್ಲು ಇಟ್ಟಿದ್ದರು. ನಮ್ಮ ಕಡೆ ಶೀಟು ಹಾಕುವ ಶಾಸ್ತ್ರವೇ ಇದು. ಹತ್ತು ಬೋಲ್ಟು ಹಾಕುವ ಕಡೆ ಆರು ಹಾಕಿ, ಉಳಿದದ್ದಕ್ಕೆ ಒಂದು ಕಲ್ಲು, ಅದೂ ಇಲ್ಲದಿದ್ದರೆ ಲಾರಿಯ ಹಳೇ ಟೈರು. ಗಾಳಿ ಶೀಟಿನ ಮೇಲೆ ಜೋರಾಗಿ ಹಾಯ್ದಾಗ ಮೇಲಿನ ಒತ್ತಡ ಇಳಿಯುತ್ತದೆ, ಅಡಿಗೆ ನುಗ್ಗಿದ ಗಾಳಿ ಮೇಲಕ್ಕೆ ದೂಕುತ್ತದೆ. ಮೊದಲು ಏಳುವುದು ಮೂಲೆ. ಮೂಲೆಯ ಬೋಲ್ಟು ಕಿತ್ತಿತೋ, ಕಲ್ಲು ಏನು ಮಾಡುತ್ತೆ ಪಾಪ. ಅದೂ ಶೀಟಿನ ಜೊತೆ ಹೊರಡುತ್ತದೆ. ನಮ್ಮ ಪುಣ್ಯ, ಕಲ್ಲು ಅವರ ಹಿತ್ತಲಲ್ಲೇ ಇಳಿದಿತ್ತು.

ಮೂಲೆ ಮನೆಯಲ್ಲಿ ರಿಟೈರ್ಡ್ ವಕೀಲರಿದ್ದಾರೆ. ಫೀಸಿಲ್ಲದ ಕೇಸು ಸಿಕ್ಕಿದರೆ ಅವರಿಗೆ ಹಬ್ಬ. ಕಾಫಿ ಬರುವ ಮುಂಚೆಯೇ ಇಂಗ್ಲೆಂಡಿಗೆ ಹೋದರು. ಚೆಷೈರ್ ಎಂಬಲ್ಲಿ ಮಾರ್ಸ್‌ಲ್ಯಾಂಡ್ ಅನ್ನುವ ಹೆಂಗಸು ಅಂದಕ್ಕೆಂದು ಕೆರೆಗಳನ್ನು ಇಟ್ಟುಕೊಂಡಿದ್ದರಂತೆ. 1872ರಲ್ಲಿ ಹಿಂದೆಂದೂ ಕಾಣದ ಮಳೆ ಬಂದು ಏರಿ ಒಡೆದು ನಾಲ್ಕು ಸೇತುವೆ ಕೊಚ್ಚಿಹೋದವು. 1876ರಲ್ಲಿ ಕೋರ್ಟು, ಇದು ದೇವರ ಕೆಲಸ, ಆಕೆ ಜವಾಬ್ದಾರಳಲ್ಲ ಅಂತ ಹೇಳಿತು. ನನ್ನ ಮುಖ ಇಳಿಯಿತು. ವಕೀಲರು ಕಾಫಿ ಹೀರಿ ಸ್ಕಾಟ್ಲೆಂಡಿಗೆ ದಾಟಿದರು. ಅಲ್ಲಿ ಗ್ರೀನಕ್ ಊರಿನ ಕಾರ್ಪೊರೇಷನ್ ಮಕ್ಕಳ ಆಟದ ಕೊಳಕ್ಕಾಗಿ ಹಳ್ಳದ ದಾರಿ ಬದಲಿಸಿತ್ತು. ಮಳೆ ಸುರಿದು ನೀರು ರೈಲ್ವೆ ಕಂಪನಿಯ ಆಸ್ತಿಗೆ ನುಗ್ಗಿತು. ದೇವರು ಮಾಡಿದ್ದು ಅಂದರೆ 1917ರಲ್ಲಿ ಕೋರ್ಟು ಒಪ್ಪಲಿಲ್ಲ, ದುಡ್ಡು ಕಟ್ಟಿ ಅಂದಿತು.

“ಅಂದರೆ ನಮ್ಮ ಕೇಸು?”

“ಬೋಲ್ಟು ಸರಿಯಾಗಿ ಹಾಕಿದ್ದೂ ಹಾರಿದರೆ ದೇವರ ಲೆಕ್ಕ. ವರ್ಷಾ ವರ್ಷಾ ಬರೋ ಗಾಳಿಗೆ ಕಲ್ಲು ಇಟ್ಟು ಕೂತಿದ್ದರೆ ಯಜಮಾನನ ಲೆಕ್ಕ.”

“ಹಾಗಾದರೆ ಗೆದ್ದೆವು!”

“ಯಜಮಾನ ಯಾರು ಅಂತ ನೀವು ತೋರಿಸಬೇಕಲ್ಲ” ಅಂತ ಲೋಟ ಕೆಳಗಿಟ್ಟರು.

ಹೋಗುವಾಗ ನಮ್ಮ ತೆಂಗಿನ ಮರವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಬೀಳುವಂತಿರುವ ಮರದಿಂದ ಜನರಿಗೆ ಅಪಾಯ ಅಂತ ಕಂಡರೆ, ತೆಗೆಸಿ ಅಥವಾ ಊರುಗೋಲು ಕೊಡಿ ಅಂತ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದಂತೆ. ಮೊದಲು ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ ಇತ್ತು, 2024ರ ಜುಲೈಯಿಂದ ಅದರ ಬದಲು ಬಂದ ಹೊಸ ಸಂಹಿತೆಯಲ್ಲಿ 152. ಪಕ್ಕದ ಮನೆಯವರು ಅಷ್ಟು ಹೊತ್ತಿಗೆ ಕಾಂಪೌಂಡಿನ ಹತ್ತಿರವೇ ಗಿಡಕ್ಕೆ ನೀರು ಹಾಕುತ್ತಿದ್ದರು. ಮಳೆ ಬಂದ ಮಾರನೇ ದಿನ ಗಿಡಕ್ಕೆ ನೀರು! ಈ ವಕೀಲರನ್ನು ಇನ್ನು ಮುಂದೆ ಒಳಗೇ ಕೂರಿಸಿ ಮಾತಾಡಿಸಬೇಕು.

ಅದೇ ಮಳೆಗೆ ನಮ್ಮ ರಸ್ತೆಯ ಗುಲ್‌ಮೊಹರ್ ಕೂಡ ಅಡ್ಡ ಬಿದ್ದಿತ್ತು. ಕೊಂಬೆ ಕಡಿಯುವವರು ಬರುವ ತನಕ ಜನ ಅದರ ಸುತ್ತ ನಿಂತು ತಪ್ಪು ಯಾರದು ಅಂತ ತೀರ್ಮಾನ ಮಾಡುತ್ತಿದ್ದರು. ಬುಡಕ್ಕೆ ಸಿಮೆಂಟ್ ಬಳಿದವರದು, ಕೇಬಲ್‌ಗೆ ಗುಂಡಿ ತೋಡಿ ಬೇರು ಕತ್ತರಿಸಿದವರದು, ಸಸಿ ನೆಟ್ಟವರದು. ಆ ಮರದ ಮೂಲ ಮಡಗಾಸ್ಕರ್ ಅಂತ ಕಾಲೇಜು ಹುಡುಗಿಯೊಬ್ಬಳು ಮೊಬೈಲ್ ನೋಡಿ ಹೇಳಿದಳು. ಎಲ್ಲರಿಗೂ ಸಮಾಧಾನವಾಯಿತು. ಅಷ್ಟು ದೂರದವರ ತಪ್ಪಾದರೆ ಯಾರ ಜೊತೆಯೂ ನಿಷ್ಠುರ ಆಗಬೇಕಿಲ್ಲ.

ಟ್ಯೂಬುಗಳನ್ನು ನಾವೇ ಹಾಕಿಸಿದೆವು. ಮನೆ ಇನ್ಶೂರೆನ್ಸ್ ಇದ್ದಿದ್ದರೆ ಸಿಗುತ್ತಿತ್ತೇನೋ. 2021ರಿಂದ ಭಾರತ್ ಗೃಹ ರಕ್ಷಾ ಅಂತ ಒಂದು ಪಾಲಿಸಿ ಇದೆ, ಬಿರುಗಾಳಿಯೂ ಅದರಲ್ಲಿ ಸೇರಿದೆ. ಕಾರಿಗೆ ತಪ್ಪದೆ ಇನ್ಶೂರೆನ್ಸ್ ಕಟ್ಟುವ ನಮ್ಮ ಬೀದಿಯಲ್ಲಿ ಮನೆಗೆ ಕಟ್ಟಿದವರು ಒಬ್ಬರೂ ಸಿಗಲಿಲ್ಲ. ಮನೆ ಎಲ್ಲೂ ಹೋಗುವುದಿಲ್ಲವಲ್ಲ ಅಂತ ಇರಬೇಕು.

ಶೀಟು ಕೆಲವು ದಿನ ಗೋಡೆಗೆ ಒರಗಿಕೊಂಡಿತ್ತು. ಒಂದು ಭಾನುವಾರ ಗುಜರಿಯವನನ್ನು ಕರೆದು ಕೆಜಿ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಿದ್ದೆ. ಹಿಂದುಗಡೆ ಮನೆಯವರು ಎಲ್ಲಿಂದಲೋ ಪ್ರತ್ಯಕ್ಷರಾದರು.

“ಅಯ್ಯೋ, ಒಳ್ಳೇ ಮಾಲು ಯಾಕೆ ಸಾರ್ ಗುಜರಿಗೆ? ನಿಮಗೆ ಬೇಡ ಅಂದರೆ ನಮಗೆ ಕೊಡಿ. ಅಲ್ಲೊಂದು ಜಾಗ ಖಾಲಿ ಇದೆಯಲ್ಲ, ಮಳೆಗಾಲಕ್ಕೆ ಮುಚ್ಚೋಣ ಅಂತಿದ್ವಿ.”

“ಗಾಳಿ ಬೆಳಕು?”

“ಜಾಸ್ತಿ ಬರ್ತಿದೆ ಸಾರ್.”

ಗುಜರಿಯವನು ನನ್ನ ಮುಖ ನೋಡಿದ. ನಾನು ಶೀಟಿನ ಮುಖ ನೋಡಿದೆ. ಕೊಟ್ಟು ಕಳಿಸಿದೆ. ಸಂಜೆ ತಾರಸಿಯಲ್ಲಿ ಹೊಸ ಟ್ಯೂಬುಗಳನ್ನು ಒರೆಸುತ್ತಿದ್ದಾಗ ಆ ಕಡೆಯಿಂದ ಸುತ್ತಿಗೆ ಸದ್ದು. ಮಡಚಿದ ಮೂಲೆಯನ್ನು ಬಡಿದು ನೇರ ಮಾಡಿ, ಶೀಟನ್ನು ಎತ್ತಿ ಇಟ್ಟರು. ಒಂದು ತೂತೂ ಹೊಸದಾಗಿ ಕೊರೆಯಬೇಕಾಗಲಿಲ್ಲ.

“ನೋಡಿ ಸಾರ್, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು!” ಅಂತ ಖುಷಿಯಿಂದ ಕೂಗಿದರು. ಆಮೇಲೆ ಎದ್ದು ನಿಂತು, ಬೆವರು ಒರೆಸಿಕೊಂಡು, ಕೈ ಅಡ್ಡ ಹಿಡಿದು ನಮ್ಮ ತಾರಸಿಯ ಕಡೆ ನೋಡಿದರು.

“ಸಾರ್, ಹೆಂಗೂ ಮೇಲೇ ಇದ್ದೀರಿ. ನಮ್ಮ ಎರಡು ಜೆ ಬೋಲ್ಟು ಆ ಕಡೆ ಬಿದ್ದಿರಬೇಕು. ಸ್ವಲ್ಪ ನೋಡ್ತೀರಾ?”