ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತವೆಯೇ? ಒಂದು ಸ್ಪಷ್ಟನೆ

‘ಒಸಡಿನಿಂದ ರಕ್ತ ಬಂದರೆ ಬ್ರಷ್ ನಿಲ್ಲಿಸಿ. ಡಾಕ್ಟರ ಹತ್ತಿರ ಕ್ಲೀನ್ ಮಾಡಿಸಬೇಡಿ, ಹಲ್ಲು ಸಡಿಲ ಆಗುತ್ತೆ.’ ನಮ್ಮ ಜಯನಗರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಎರಡೂ ಮಾತು ತಪ್ಪು.

ಕೆಳಗಿನ ಮುಂಹಲ್ಲುಗಳ ಹಿಂಬದಿಗೆ ನಾಲಿಗೆ ತಾಗಿಸಿ ನೋಡಿ. ಒರಟಾಗಿದ್ದರೆ ಅದು ಗಟ್ಟಿಯಾದ ಪಾಚಿ ಇರಬಹುದು. ಬಿಳಿ ಅಂಟಿನಂಥ ಬ್ಯಾಕ್ಟೀರಿಯಾ ಪದರವೇ ಜೊಲ್ಲಿನ ಖನಿಜ ಸೇರಿ ಹೀಗೆ ಕಲ್ಲಾಗುತ್ತದೆ. ಬ್ರಷ್‌ಗೆ ಅದು ಬಗ್ಗುವುದಿಲ್ಲ. ಸ್ಕೇಲಿಂಗ್, ಅಂದರೆ ಡಾಕ್ಟರು ಮಾಡುವ ಕ್ಲೀನಿಂಗ್, ತೆಗೆಯುವುದು ಅದನ್ನೇ, ಹಲ್ಲನ್ನಲ್ಲ. ಹಾಗಾದರೆ ಕೆಲವರಿಗೆ ಆಮೇಲೆ ಹಲ್ಲು ಅಲ್ಲಾಡುತ್ತದಲ್ವಾ? ಅಂಥವರಿಗೆ ಹಲ್ಲನ್ನು ಹಿಡಿದಿಡುವ ಒಳಗಿನ ಮೂಳೆ ಒಸಡಿನ ರೋಗದಿಂದ ಮೊದಲೇ ಸವೆದಿರುತ್ತದೆ, ಆ ಕಲ್ಲು ಅದನ್ನು ಮುಚ್ಚಿಟ್ಟಿರುತ್ತದೆ ಅಷ್ಟೇ. ಕೆಲವು ದಿನ ಜುಮ್ ಅನ್ನುವುದೂ ಸಹಜ.

ರಕ್ತ ಬರುವ ಹಂತದಲ್ಲೇ ಗಮನ ಕೊಟ್ಟರೆ ಒಸಡು ಪೂರ್ತಿ ಸರಿಹೋಗುತ್ತದೆ. ಮೂಳೆ ಸವೆದ ಮೇಲೆ ರೋಗವನ್ನು ತಡೆಯಬಹುದು, ಹೋದ ಮೂಳೆ ತಾನಾಗಿ ಮರಳುವುದಿಲ್ಲ. ನನಗೆ ಕಳವಳ ಇರುವುದು ಇದೇ. ಸುಮ್ನೆ ಒಂದು ಮೆಸೇಜ್ ನಂಬಿ ಜನ ಆ ಸಮಯ ಕಳೆದುಕೊಳ್ಳುತ್ತಾರೆ.

ಬೀಡಿ, ಸಿಗರೇಟು ಸೇದುವವರಿಗೆ ರಕ್ತವೇ ಕಾಣದಿರಬಹುದು, ರೋಗ ಒಳಗೇ ಬೆಳೆಯುತ್ತದೆ. ಶುಗರ್ ಇರುವವರಿಗೆ ಅಪಾಯ ಇನ್ನೂ ಜಾಸ್ತಿ.

ಮೆತ್ತನೆ ಬ್ರಷ್‌ನಿಂದ ದಿನಕ್ಕೆ 2 ಸಲ, 2 ನಿಮಿಷ, ಒಸಡಿನ ಅಂಚಿಗೆ ಓರೆಯಾಗಿಟ್ಟು ಉಜ್ಜಿ. ಹಲ್ಲಿನ ಸಂದಿಯನ್ನೂ ಸ್ವಚ್ಛ ಮಾಡಿ. ಉಪ್ಪುನೀರು ಮುಕ್ಕಳಿಸಿದರೆ ಹಿತವೇ, ಆದರೆ ಕಲ್ಲು ಕರಗುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ ಕೋಟೆ ಬಳಿ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿಗೆ ಹೋಗಿ ತೋರಿಸಿ.