ಮಾಡೆಲ್ ವಿಮಾನಕ್ಕೆ ಯಾವ ಕ್ಯಾಮೆರಾ ಕಟ್ಟಬೇಕು?

ಮೊನ್ನೆ ಒಬ್ಬ ಹುಡುಗ ಮೆಸೇಜ್ ಮಾಡಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಕೋರೋ ಶೀಟ್ (ಒಳಗೆ ಟೊಳ್ಳಿರುವ ಹಗುರ ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ತಾನೇ ಒಂದು ವಿಮಾನ ಮಾಡಿದ್ದಾನೆ, ಚೆನ್ನಾಗಿ ಹಾರುತ್ತದೆ. ಈಗ ತನ್ನ ಊರನ್ನು ಮೇಲಿಂದ ನೋಡುವ ಆಸೆ. ‘ಅಣ್ಣಾ, ಕಡಿಮೆ ಬೆಲೆಗೆ ಒಳ್ಳೆ 4ಕೆ ಕ್ಯಾಮೆರಾ ಯಾವುದು?’ ಅಂತ ಕೇಳಿದ. ಎಷ್ಟು ಗ್ರಾಂ ಇರಬೇಕು ಅಂತ ಕೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನೂ ಮೊದಲು ತೂಕದ ಬಗ್ಗೆ ಯೋಚಿಸಿರಲಿಲ್ಲ. 700 ಗ್ರಾಂ ವಿಮಾನದ ಮೂತಿಗೆ ಗೆಳೆಯನ 130 ಗ್ರಾಂ ಆಕ್ಷನ್ ಕ್ಯಾಮೆರಾ ಕಟ್ಟಿ, ಕೊಯ್ಲಾದ ಶೇಂಗಾ ಹೊಲದಲ್ಲಿ ಕೈಯಿಂದ ಎಸೆದೆ. ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ, ಅಂದರೆ ಎಲಿವೇಟರ್, ಪೂರ್ತಿ ಎಳೆದರೂ ಮೂತಿ ಮೇಲೇಳಲಿಲ್ಲ. ಬದುವಿಗೆ ಬಡಿದು ರೆಕ್ಕೆ ಮುರಿಯಿತು, ಲೆನ್ಸ್ ಗಾಜಿಗೆ ಗೀರು ಬಿತ್ತು. ಗೆಳೆಯ ಏನೂ ಅನ್ನಲಿಲ್ಲ. ನನಗೆ ಮಾತ್ರ ಇವತ್ತಿಗೂ ಬೇಜಾರಿದೆ.

ಆವತ್ತು ಎರಡು ತಪ್ಪಾಗಿದ್ದವು. ತೂಕ ಹೆಚ್ಚುಕಡಿಮೆ ಐದನೇ ಒಂದು ಭಾಗ ಜಾಸ್ತಿಯಾದರೆ, ಬೀಳದೆ ಹಾರಲು ಬೇಕಾದ ಕನಿಷ್ಠ ವೇಗವೂ ಸುಮಾರು ಶೇ 9ರಷ್ಟು ಏರುತ್ತದೆ. ನನ್ನ ಕೈಯೆಸೆತಕ್ಕೆ ಆ ವೇಗ ಬರಲಿಲ್ಲ. ಇನ್ನೊಂದು, ತೂಕದ ಮಧ್ಯಬಿಂದು. ಅದು ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಇರಬೇಕು. ಮೂತಿಗೆ ಭಾರ ಹಾಕಿದರೆ ಅದು ಮುಂದಕ್ಕೆ ಸರಿಯುತ್ತದೆ. ಕ್ಯಾಮೆರಾವನ್ನು ಆ ಬಿಂದುವಿನ ಮೇಲೇ, ರೆಕ್ಕೆಯ ನಡುವೆ ಕೂರಿಸಿದರೆ ಈ ತೊಂದರೆ ಇಲ್ಲ. ಇಲ್ಲವಾದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ಬೆರಳ ಮೇಲೆ ತೂಗಿ ನೋಡಿದ ಮೇಲೇ ಹಾರಿಸಬೇಕು.

ಅಂಥ ವಿಮಾನಕ್ಕೆ ಕಟ್ಟುವ ಕ್ಯಾಮೆರಾ 40 ಗ್ರಾಂ ದಾಟಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ಲೆಕ್ಕಕ್ಕೆ ಕ್ಯಾಮೆರಾಗಳು ಇವೆ. ಮೊದಲು ಕಾರಿನ ಕೀಲಿ ಥರ ಕಾಣುವ 808 ಕ್ಯಾಮೆರಾಗಳನ್ನು ಕಟ್ಟುತ್ತಿದ್ದರು. 2013ರಲ್ಲಿ ಮೊಬಿಯಸ್ ಬಂತು. 40 ಗ್ರಾಂ ಒಳಗೆ 1080ಪಿ, ಒಳಗೇ ಬ್ಯಾಟರಿ. ಹಳೆಯದು, ಸುಸ್ಥಿತಿಯಲ್ಲಿ ಸಿಕ್ಕರೆ ಈಗಲೂ ತಗೊಳ್ಳಬಹುದು. ರನ್‌ಕ್ಯಾಮ್ ಥಂಬ್ ಇನ್ನೂ ಹಗುರ, 10 ಗ್ರಾಂ ಕೂಡ ಇಲ್ಲ. ಅದರಲ್ಲಿ ಬ್ಯಾಟರಿ ಇರುವುದಿಲ್ಲ, ವಿಮಾನದ 5 ವೋಲ್ಟ್ ಕರೆಂಟೇ ಸಾಕು. ಗೋಪ್ರೊ ಹೀರೋ 11 ಬ್ಲ್ಯಾಕ್ ಮಿನಿ ಒಳ್ಳೆ ಕ್ಯಾಮೆರಾ, ಆದರೆ ಹೆಸರಿನಲ್ಲಿ ಮಿನಿ ಇದ್ದರೂ ತೂಕ 133 ಗ್ರಾಂ. ದೊಡ್ಡ ವಿಮಾನ ಇದ್ದವರಿಗೆ ಸರಿ.

ತೀರಾ ಅಗ್ಗದ 4ಕೆ ಡಬ್ಬಿಗಳನ್ನು ನಂಬಬೇಡಿ. ಎಷ್ಟೋ ಕ್ಯಾಮೆರಾಗಳು ಸಣ್ಣ ಚಿತ್ರವನ್ನೇ ಹಿಗ್ಗಿಸಿ 4ಕೆ ಅಂತ ಉಳಿಸುತ್ತವೆ. ಫೈಲ್ ದೊಡ್ಡದಾಗುತ್ತದೆ ಅಷ್ಟೇ, ಹೊಲದ ಸಾಲು ಹೆಚ್ಚು ಸ್ಪಷ್ಟ ಕಾಣುವುದಿಲ್ಲ.

ಇನ್ನು ನಡುಕ. ನಿಮ್ಮ ಮೊದಲ ವಿಡಿಯೋ ಕೆಡುವುದು ಬಹುಪಾಲು ಇದರಿಂದಲೇ. ಈ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲ ಓದುವುದಿಲ್ಲ, ಸಾಲು ಸಾಲಾಗಿ ಮೇಲಿಂದ ಕೆಳಗೆ ಓದುತ್ತದೆ. ಪ್ರೊಪೆಲ್ಲರ್ ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಸೆಕೆಂಡಿಗೆ 150 ಸುತ್ತು. ಸೆಕೆಂಡಿಗೆ 30 ಫ್ರೇಮ್ ಅಂದರೆ, ಒಂದು ಫ್ರೇಮಿನ ಹೊತ್ತಿನಲ್ಲಿ ವಿಮಾನ ಐದು ಸಲ ನಡುಗಿರುತ್ತದೆ. ಮೇಲಿನ ಸಾಲು ಓದುವಾಗ ಕ್ಯಾಮೆರಾ ಒಂದು ಕಡೆ, ಕೆಳಗಿನ ಸಾಲಿಗೆ ಬರುವಾಗ ಇನ್ನೊಂದು ಕಡೆ. ಅದಕ್ಕೇ ತೆಂಗಿನ ಮರ, ಲೈಟ್ ಕಂಬ ಎಲ್ಲ ಜೆಲ್ಲಿ ಥರ ಅಲುಗಾಡುವುದು.

ಇದಕ್ಕೆ ದುಬಾರಿ ಕ್ಯಾಮೆರಾ ಮದ್ದಲ್ಲ. ಮೊದಲು ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿ. ನಡುವಿನ ತೂತಿಗೆ ಬಿಗಿಯಾಗಿ ಕೂರುವ ನೇರ ಕಡ್ಡಿ ಹಾಕಿ, ಅದರ ಎರಡೂ ತುದಿಯನ್ನು ಸಮ ಎತ್ತರದ ಎರಡು ನುಣ್ಣನೆಯ ಅಂಚುಗಳ ಮೇಲಿಡಿ. ಪ್ರೊಪೆಲ್ಲರಿನ ಯಾವ ರೆಕ್ಕೆ ಕೆಳಗಿಳಿಯುತ್ತದೋ ಅದನ್ನು ಮರಳುಕಾಗದದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ. ಇಲ್ಲವೇ ಹಗುರಾದ ರೆಕ್ಕೆಗೆ ಚೂರು ಟೇಪ್ ಅಂಟಿಸಿ. ಅರ್ಧ ಗಂಟೆಯ ಕೆಲಸ. ಆಮೇಲೆ ಕ್ಯಾಮೆರಾ ಕೆಳಗೆ ತೆಳುವಾದ ಫೋಮ್. ತುಂಬಾ ಮೆತ್ತನೆಯದು ಬೇಡ, ಗಾಳಿಗೆ ಕ್ಯಾಮೆರಾವೇ ತೂಗಾಡುತ್ತದೆ. ಒಂದು ದಾರದಿಂದ ವಿಮಾನಕ್ಕೆ ಕಟ್ಟುವುದನ್ನು ಮಾತ್ರ ಮರೆಯಬೇಡಿ, ಟೇಪ್ ಬಿಟ್ಟರೂ ಕ್ಯಾಮೆರಾ ಯಾರ ತಲೆ ಮೇಲೂ ಬೀಳಬಾರದು.

ಬೆಳಕೂ ಮುಖ್ಯ. ನಡುಮಧ್ಯಾಹ್ನ ಶಟರ್ ಬಹಳ ವೇಗವಾಗುತ್ತದೆ, ನಡುಕ ಚೂಪಾಗಿ ಕಾಣುತ್ತದೆ. ಸಂಜೆ ಐದರ ಮೇಲೆ ಅದೇ ವಿಮಾನ, ಅದೇ ಕ್ಯಾಮೆರಾ, ಚಿತ್ರ ಎಷ್ಟು ಮೆತ್ತಗೆ ಬರುತ್ತದೆ ನೋಡಿ. ಕೆರೆ ನೀರು ಹೊಳೆಯುವುದೂ ಆಗಲೇ, ಅಲ್ವಾ? ಮಧ್ಯಾಹ್ನವೇ ಹಾರಿಸಬೇಕಾದರೆ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ. ಇನ್ನೂ ನಡುಗಿದರೆ ಗೈರೋಫ್ಲೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಥಂಬ್‌ನಂತೆ ಗೈರೋ ಮಾಹಿತಿ, ಅಂದರೆ ತಾನು ಹೇಗೆ ತಿರುಗಿದೆ ಅನ್ನುವುದನ್ನು ದಾಖಲಿಸುವ ಕ್ಯಾಮೆರಾ ಇದ್ದರೆ ಅದು ವಿಡಿಯೋವನ್ನು ಬಹಳಷ್ಟು ನೇರ ಮಾಡಿಕೊಡುತ್ತದೆ.

ಹಾರಿಸುವ ಮುಂಚೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ. 2021ರ ಡ್ರೋನ್ ನಿಯಮಗಳು ಮಾಡೆಲ್ ವಿಮಾನಗಳ ಬಗ್ಗೆಯೂ ಹೇಳುತ್ತವೆ. ವಿಮಾನ ಕಣ್ಣಳತೆಯಲ್ಲೇ ಇರಬೇಕು. ಜನರ ಮನೆ, ಅಂಗಳದ ಮೇಲೆ ದಯವಿಟ್ಟು ಸುತ್ತಬೇಡಿ. ಅವರು ಕ್ಯಾಮೆರಾಗೆ ಒಪ್ಪಿಗೆ ಕೊಟ್ಟಿರುವುದಿಲ್ಲ.

ಆ ಹುಡುಗನಿಗೆ ಸದ್ಯ ಏನೂ ಕೊಳ್ಳಬೇಡ ಅಂದಿದ್ದೇನೆ. ಭಾನುವಾರ ವಿಮಾನ ತರುತ್ತಾನೆ, ಜೊತೆಗೆ ಇರುವ ಪ್ರೊಪೆಲ್ಲರುಗಳನ್ನೆಲ್ಲ ತರಲು ಹೇಳಿದ್ದೇನೆ. ಮೊದಲು ಅವನ್ನು ಕಡ್ಡಿಯ ಮೇಲೆ ತೂಗುತ್ತೇವೆ. ಸಂಜೆ ನನ್ನ ಹಳೇ ಮೊಬಿಯಸ್ ಕಟ್ಟಿ ಹಾರಿಸುತ್ತೇವೆ.