ಕ್ರಿಯಾಪದ ಮುಂದೆ ಬಂದಾಗ

ಮುಂಬಯಿಯಲ್ಲಿ ಗೃಹಿಣಿಯೊಬ್ಬಳು ಇಂಗ್ಲಿಷ್ ಕಲಿಯುತ್ತಿದ್ದಾಳೆಂದರೆ ಜನ ಅದಕ್ಕೊಂದು ಕಾರಣ ಹುಡುಕದೆ ಬಿಡುವುದಿಲ್ಲ. ನೌಕರಿಗೋ, ಮಕ್ಕಳ ಶಾಲೆಯ ಸಭೆಗೋ, ವೀಸಾ ಸಂದರ್ಶನಕ್ಕೋ ಎಂದು ಕೇಳುತ್ತಾರೆ. ಸುಮ್ಮನೆ ಹವ್ಯಾಸಕ್ಕೆ ಎಂದರೆ, ಏನನ್ನೋ ಬಚ್ಚಿಡುತ್ತಿದ್ದಾಳೆ ಎಂಬಂತೆ ಮುಖ ನೋಡುತ್ತಾರೆ. ಕಸೂತಿ ಕಲಿಯುವವರನ್ನು ಯಾರೂ ಹೀಗೆ ವಿಚಾರಣೆಗೆ ಗುರಿಪಡಿಸುವುದಿಲ್ಲ. ನಾನು ಕುಂದಾಪುರದ ಕಡೆಯ ಕನ್ನಡ ಶಾಲೆಯಲ್ಲಿ ಓದಿದವಳು. ಆಗ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೆಯ ತರಗತಿಯಲ್ಲಿ. ಅದು ಒಂದನೆಯ ತರಗತಿಗೆ ಇಳಿದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ನಾನು ಮುಲುಂಡಿನ ಸೊಸೆಯಾಗಿ ಬಂದಾಗಿತ್ತು.

ಮನೆಯಲ್ಲಿ ಇಂಗ್ಲಿಷಿಗೇನೂ ಕೊರತೆಯಿಲ್ಲ, ನನ್ನೊಡನೆ ಅದನ್ನು ಆಡುವವರದೇ ಬರಗಾಲ. ಮಕ್ಕಳಿಬ್ಬರೂ ತಮ್ಮೊಳಗೆ ಆಡುವುದು ಹಿಂದಿ. ಅಜ್ಜಿಗೆ ತಿಳಿಯಬಾರದ ವಿಷಯವಿದ್ದಾಗ ಮಾತ್ರ ಇಂಗ್ಲಿಷ್. ಯಜಮಾನರು ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್ ಆಡಿ ಬಂದವರು, ಮನೆಯಲ್ಲೂ ಆಡಬೇಕೆಂದರೆ ಓವರ್‌ಟೈಮ್ ಕೇಳುತ್ತಾರೆ. ತರಕಾರಿಯವನದು ಮರಾಠಿ, ವಾಚ್‌ಮನ್ನನದು ಭೋಜಪುರಿ ಬೆರೆತ ಹಿಂದಿ. ಹೀಗಾಗಿ ನಾನು ಲೋಕಲ್ ರೈಲನ್ನೇ ಪಾಠಶಾಲೆ ಮಾಡಿಕೊಂಡೆ. ಮಂಗಳೂರು ಸೌತೆ, ಕೆಸುವಿನೆಲೆ, ಹೂವು ಎಂದು ಮಾಟುಂಗಾ ಮಾರ್ಕೆಟ್ಟಿಗೆ ಹೋಗುವುದು ನಮ್ಮಲ್ಲಿ ರೂಢಿ. ಅಲ್ಲಿ ಫಾಸ್ಟ್ ಗಾಡಿ ನಿಲ್ಲದ ಕಾರಣ ಸ್ಲೋ ಹಿಡಿಯಬೇಕು. ನಾಹೂರ್, ಭಾಂಡುಪ್, ಕಾಂಜೂರ್‌ಮಾರ್ಗ್ ಎಂದು ಮುಂದಿನ ಸ್ಟೇಷನ್ನನ್ನು ಬೇಸರಿಸದೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುವ ಆ ಧ್ವನಿಯಷ್ಟು ತಾಳ್ಮೆಯ ಮೇಷ್ಟರು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಒಮ್ಮೆ ಮಾಟುಂಗಾದಿಂದ ಹಿಂದಿರುಗುವಾಗ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮಡಿಲಲ್ಲಿ ವ್ಯಾಕರಣದ ಪುಸ್ತಕ ಬಿಡಿಸಿಕೊಂಡು, ಕೈಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಹಿಡಿದು ಕುಳಿತಿದ್ದೆ. ಈ ಊರಿನ ಹೆಂಗಸರು ರೈಲಿನಲ್ಲೇ ಬಟಾಣಿ ಸುಲಿದು, ಸೊಪ್ಪು ಬಿಡಿಸಿ, ಅರ್ಧ ಅಡುಗೆ ಮುಗಿಸಿಕೊಂಡು ಮನೆ ಸೇರುವವರು. ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ನನ್ನ ಪರದಾಟ ನೋಡಲಾರದೆ, "ತುಮ್ಹೀ ವಾಚಾ, ಮೀ ನಿವಡತೇ" (ನೀವು ಓದಿ, ನಾನು ಬಿಡಿಸುತ್ತೇನೆ) ಎಂದು ಮರಾಠಿಯಲ್ಲಿ ಹೇಳುತ್ತ ಕಟ್ಟನ್ನು ಕಿತ್ತುಕೊಂಡರು. ಎಂತಹ ಊರು ಎಂದು ಕಣ್ತುಂಬಿ ಬಂದು ನಾನು ಅಭ್ಯಾಸದಲ್ಲಿ ಮುಳುಗಿದೆ. ಅವರು ಬಲು ಚುರುಕಾಗಿ ಬಿಡಿಸಿ, ಕೈ ಒರೆಸಿಕೊಂಡು ವಿಕ್ರೋಲಿಯಲ್ಲಿ ಇಳಿದು ಹೋದರು. ಮನೆಗೆ ಬಂದು ಚೀಲ ತೆರೆದರೆ ಅದರಲ್ಲಿದ್ದುದು ಬರೀ ದಂಟು. ಎಲೆಗಳೆಲ್ಲ ಕೈರೂಢಿಯಿಂದ ಅವರ ಚೀಲವನ್ನೇ ಸೇರಿದ್ದವು. ಕದಿಯುವವರು ಅಷ್ಟು ಶಿಸ್ತಾಗಿ ದಂಟನ್ನು ಕಟ್ಟಿ ಕೊಡುವುದಿಲ್ಲ, ಆ ಬಗ್ಗೆ ನನಗೆ ಸಂಶಯವಿಲ್ಲ.

ಕನ್ನಡದಲ್ಲಿ ಸಂಸಾರ ಮಾಡಿದವರಿಗೆ ಇಂಗ್ಲಿಷ್ ಕಷ್ಟವಾಗುವುದು ಸ್ಪೆಲ್ಲಿಂಗಿನಿಂದಲ್ಲ, ಕ್ರಿಯಾಪದದಿಂದ. ನಮ್ಮಲ್ಲಿ ಅದು ವಾಕ್ಯದ ಕೊನೆಗೆ ಬರುವುದರಿಂದ ಮನೆಯ ಶಾಂತಿ ಉಳಿದಿದೆ. "ಈ ಮೇ ತಿಂಗಳು ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿ ಅಮ್ಮನ ಮನೆಯಲ್ಲಿ ಪೂರ್ತಿ ರಜೆ" ಎಂಬಲ್ಲಿಯವರೆಗೆ ಮಾತನ್ನು ತಂದು, ಉಸಿರೆಳೆದುಕೊಳ್ಳುವ ನೆವದಲ್ಲಿ ಅತ್ತೆಯವರ ಮುಖ ನೋಡಿ, ಅದು ಪ್ರಸನ್ನವಾಗಿದ್ದರೆ "ಇದ್ದು ಬರುತ್ತೇನೆ" ಎಂದೂ, ಮೋಡ ಕವಿದಿದ್ದರೆ "ಇರುವುದೆಲ್ಲ ಈ ಸಲ ಆಗದ ಮಾತು" ಎಂದೂ ಮುಗಿಸಬಹುದು. ಇಂಗ್ಲಿಷಿನಲ್ಲಾದರೋ ಕರ್ತೃವಿನ ಬೆನ್ನಿಗೇ ಹೋಗುವುದೋ ಬಿಡುವುದೋ ಹೇಳಿಬಿಡಬೇಕು. ಅದು ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿದ್ದು ಬೆಳೆಸಿದ ಭಾಷೆಯಲ್ಲವೆಂದು ನನ್ನ ಅನುಮಾನ. ಪ್ರಶ್ನೆ ಕೇಳುವಾಗಲಂತೂ ಸಹಾಯಕ ಕ್ರಿಯಾಪದ ಕರ್ತೃವನ್ನೂ ದಾಟಿ ಮುಂದೆ ಬಂದು ನಿಲ್ಲುತ್ತದೆ. ಹೋಮ್‌ವರ್ಕ್ ಮುಗಿಸಿದೆಯಾ ಎಂದು ಮಗನನ್ನು ಗದರಿಸಲು ಹೊರಟು, 'ಡಿಡ್' ಆದಮೇಲೆ ಬರುವ ಕ್ರಿಯಾಪದ ಭೂತಕಾಲದಲ್ಲಿರಬೇಕೋ ಬೇಡವೋ ಎಂದು ನಾನು ತೀರ್ಮಾನಿಸುವಷ್ಟರಲ್ಲಿ ಅವನು ಬ್ಯಾಟು ಹಿಡಿದು ಲಿಫ್ಟಿನಲ್ಲಿ ಇಳಿದಿರುತ್ತಾನೆ. ಒಂಬತ್ತನೆಯ ತರಗತಿಯ ಮಗಳು, "ಬೈಯುವುದಾದ್ರೆ ಕನ್ನಡದಲ್ಲೇ ಬೈಯಮ್ಮ, ಬೇಗ ಮುಗೀತದೆ" ಎಂದು ಸಲಹೆ ಕೊಟ್ಟಿದ್ದಾಳೆ.

ತಾನಾಗಿ ನನ್ನೊಡನೆ ಇಂಗ್ಲಿಷ್ ಆಡಲು ಬಂದವಳೆಂದರೆ, ಒಂದು ಮಧ್ಯಾಹ್ನ ಫೋನ್ ಮಾಡಿ ಪರ್ಸನಲ್ ಲೋನ್ ಬೇಕೇ ಎಂದು ಕೇಳಿದ ಹುಡುಗಿಯೊಬ್ಬಳೇ. ಎಲ್ಲರೂ ಕಟ್ ಮಾಡುವ ಕರೆಗೆ ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಬಡ್ಡಿ ಎಷ್ಟು, ಕಂತು ಎಷ್ಟು ಎಂಬುದರಿಂದ ಹಿಡಿದು, ಸಾಲ ತೆಗೆದುಕೊಂಡರೆ, ತೆಗೆದುಕೊಂಡಿದ್ದರೆ ಎಂಬ ಷರತ್ತಿನ ವಾಕ್ಯಗಳನ್ನೆಲ್ಲ ಅವಳ ಮೇಲೆ ಪ್ರಯೋಗಿಸಿದೆ. ಅವಳು ಹಿಂದಿಗೆ ಜಾರಿದಾಗಲೆಲ್ಲ ಮತ್ತೆ ಇಂಗ್ಲಿಷಿಗೆ ಎಳೆದು ತಂದೆ. ಈ ನಡುವೆ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೋ ಯಾರಿಗೂ ಲೆಕ್ಕ ಸಿಗಲಿಲ್ಲ. "ಎಂತ ಮಾರಾಯ್ತಿ, ಅನ್ನ ಬೇಯಲಿಕ್ಕೂ ಇಂಗ್ಲಿಷಾ?" ಎನ್ನುತ್ತ ಅತ್ತೆಯವರು ಅಂದು ಎಲ್ಲರಿಗೂ ಗಂಜಿ ಬಡಿಸಿದರು.

ಅಷ್ಟು ಆಸಕ್ತಿಯಿಂದ ವಿಚಾರಿಸಿದ ಗಿರಾಕಿಯನ್ನು ಯಾರು ಬಿಡುತ್ತಾರೆ? ಭಾನುವಾರ ಬೆಳಿಗ್ಗೆ ಫಾರ್ಮುಗಳ ಕಟ್ಟಿನೊಡನೆ ಯುವಕನೊಬ್ಬ ಬಾಗಿಲಿಗೆ ಬಂದ. ಅವನನ್ನು ಎದುರುಗೊಂಡವರು ಮಾವನವರು. 1960ರ ದಶಕದಲ್ಲಿ ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿತವರು ಅವರು. ಆ ಶಾಲೆಗಳು ಎಷ್ಟೋ ಹೋಟೆಲ್ ಮಾಣಿಗಳನ್ನು ಗುಮಾಸ್ತರನ್ನಾಗಿ, ವಕೀಲರನ್ನಾಗಿ ಮಾಡಿವೆ. ಆದರೆ ಮಾವನವರ ಇಂಗ್ಲಿಷ್ ಇರುವುದೇ ಪತ್ರದ ರೂಪದಲ್ಲಿ. 'ಐ ಬೆಗ್ ಟು ಸ್ಟೇಟ್' ಎಂದು ವಿನಂತಿಸಿಕೊಳ್ಳದೆ ಅದು ಹೊರಡುವುದಿಲ್ಲ, 'ಯುವರ್ಸ್ ಫೇತ್‌ಫುಲಿ' ಎನ್ನದೆ ನಿಲ್ಲುವುದಿಲ್ಲ. ಸಾಲ ಬೇಡವೆಂದು ಬಾಯಲ್ಲಿ ಹೇಳಿ ಕಳುಹಿಸುವುದು ಅವರಿಗೆ ಮರ್ಯಾದೆಯಾಗಿ ಕಾಣಲಿಲ್ಲ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ, ಮಗಳು ಹಿಂದೆ ನಿಂತು ಕಾಮಾ ಹಾಕಿಸಿದಳು. ಯುವಕ ಅಷ್ಟರಲ್ಲಿ ಅತ್ತೆಯವರು ಕೊಟ್ಟ ಗೋಳಿಬಜೆಯ ಎರಡನೆಯ ತಟ್ಟೆಯನ್ನೂ ಖಾಲಿ ಮಾಡಿದ್ದ.

ಪತ್ರವನ್ನು ಅವನು ಎರಡು ಸಲ ಓದಿದ. ಆಮೇಲೆ ಫಾರ್ಮುಗಳನ್ನು ಚೀಲಕ್ಕೆ ತುಂಬಿಕೊಂಡು, ತನ್ನದು ರತ್ನಾಗಿರಿಯ ಕಡೆ, ಗಣಪತಿ ಹಬ್ಬಕ್ಕೆ ಊರಿಗೆ ಹೋಗಬೇಕು, ಮ್ಯಾನೇಜರ್ ರಜೆ ಕೊಡುತ್ತಿಲ್ಲ, ಕಾಕಾ ಇಂಥದೇ ಒಂದು ಅರ್ಜಿ ಬರೆಸಿಕೊಟ್ಟರೆ ಉಪಕಾರವಾದೀತು ಎಂದು ಮರಾಠಿಯಲ್ಲಿ ಕೈಮುಗಿದ. ಮಾವನವರು ಕನ್ನಡಕ ಒರೆಸಿಕೊಂಡು, ಇನ್ನೆರಡು ಹಾಳೆ ತರುವಂತೆ ನನಗೆ ಹೇಳಿದರು.